ಬ್ರೆಡ್ ವ್ಯಾನಿನ ದನಿ

ತಿಂಗಳ ಮೊದಲ ಭಾನುವಾರ ಬೆಳಿಗ್ಗೆ, ಪೀಠೋಪಕರಣದ ಗೋದಾಮಿನ ಹಿಂದಿನ ಖಾಲಿ ಜಾಗದಲ್ಲಿ ಹಳೆಯ ಕಾರುಗಳು ಸೇರುತ್ತವೆ. ಟಿಕೆಟ್ಟಿಲ್ಲ, ಬಹುಮಾನವಿಲ್ಲ, ಪುಣ್ಯಕ್ಕೆ ಭಾಷಣವೂ ಇಲ್ಲ. ಬರಬೇಕು, ಗಾಡಿ ನಿಲ್ಲಿಸಬೇಕು, ಬಾನೆಟ್ ಎತ್ತಬೇಕು, ನೋಡಲು ಬಂದವರ ಹತ್ತಿರ ಬಾಯಿ ನೋಯುವಷ್ಟು ಮಾತಾಡಬೇಕು. ಮುಂದಿನ ಸಾಲು ಕಂಪನಿಯಿಂದ ಬಂದ ಹಾಗೇ ಇರುವ ಗಾಡಿಗಳಿಗೆ. ಏನಾದರೂ ಬದಲಾಯಿಸಿದ್ದರೆ ಹಿಂದಿನ ಸಾಲು, ಕಾಂಪೌಂಡ್ ಗೋಡೆಯ ಪಕ್ಕ. ಈ ನಿಯಮ ಮಾಡಿದವರು ಒಬ್ಬ ನಿವೃತ್ತ ಹೆಡ್‌ಮಾಸ್ತರು. ಅವರಿಗೆ ಯಾರೂ ಅಧಿಕಾರ ಕೊಟ್ಟಿಲ್ಲ, ಅವರೇ ತೆಗೆದುಕೊಂಡಿದ್ದಾರೆ.

ನನ್ನ ಮಾವ ನಲವತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತು ಕಬ್ಬಿಣ ಕಡೆದವರು. ಒಂಬತ್ತು ವರ್ಷದಿಂದ ಮುಂದಿನ ಸಾಲಿನಲ್ಲೇ ಅವರ ಜಾಗ. ಬಾನೆಟ್ ಮಾತ್ರ ಎತ್ತುವುದಿಲ್ಲ. ಕೇಳಿದರೆ "ಧೂಳು ಕೂರತ್ತೆ" ಅನ್ನುತ್ತಾರೆ. ಅಸಲು ಸಂಗತಿ ಮನೆಯವರಿಗಷ್ಟೇ ಗೊತ್ತು: ಒಳಗಿರುವುದು ಬ್ರೆಡ್ ವ್ಯಾನಿನ ಎಂಜಿನ್. ಹಳೆಯದು ಕೈಕೊಟ್ಟಾಗ ಗುಜರಿಯಿಂದ ತಂದು ಹಾಕಿದ್ದರು. ಮೊದಲ ದಿನವೇ ಹೆಡ್‌ಮಾಸ್ತರು "ಎಲ್ಲಾ ಒರಿಜಿನಲ್ಲಾ?" ಎಂದು ಕೇಳಿದ್ದಕ್ಕೆ ಇವರ ಬಾಯಿಂದ "ಹೂಂ" ಬಂದುಬಿಟ್ಟಿತು. ಆ ಒಂದು ಹೂಂ ಅನ್ನು ಇಷ್ಟು ವರ್ಷ ಸಾಕಿಕೊಂಡು ಬಂದಿದ್ದಾರೆ. ನನಗೆ ಆ ಸುಳ್ಳು ಕಂಡರೆ ಮೈ ಉರಿಯುತ್ತಿತ್ತು. ಆದರೆ ಮಾವ ಮರ್ಯಾದೆಗೆ ಅಂಜುವ ಮನುಷ್ಯ. ಗುಟ್ಟು ರಟ್ಟಾದರೆ ಮತ್ತೆ ಅಲ್ಲಿಗೆ ಕಾಲಿಡುವುದಿಲ್ಲ, ಮತ್ತು ಆ ಭಾನುವಾರ ಬಿಟ್ಟರೆ ಅವರಿಗೆ ಬೇರೆ ಸಂಭ್ರಮವಿಲ್ಲ.

ಕಳೆದ ತಿಂಗಳು ನಾವು ಗಾಡಿ ನಿಲ್ಲಿಸುವಷ್ಟರಲ್ಲಿ ತಲೆ ನರೆತ ಹೆಂಗಸೊಬ್ಬರು ನೆಟ್ಟಗೆ ನಮ್ಮ ಹತ್ತಿರ ಬಂದರು. ಹೊಸ ಮುಖ.

"ಇದು ನನ್ನ ವ್ಯಾನಿನ ದನಿ" ಅಂದರು. "ಇಪ್ಪತ್ತಾರು ವರ್ಷ ಬ್ರೆಡ್ ವ್ಯಾನ್ ಓಡಿಸಿದೀನಿ. ನೀವು ಗೇಟಲ್ಲಿ ತಿರುಗಿದಾಗ್ಲೇ ಗೊತ್ತಾಯ್ತು."

ಮಾವನ ಮುಖ ಇಳಿಯಿತು. "ಇಲ್ಲಮ್ಮ, ಇದು ಕಾರಿಂದೇ."

"ಸುಮ್ನಿರಿ. ಆಕ್ಸಿಲರೇಟರ್ ಬಿಟ್ಟಾಗ ಎರಡು ಸಲ ಕೆಮ್ಮತ್ತಲ್ಲ, ಅದು ಆ ವ್ಯಾನಿನ ಎಂಜಿನ್ನೇ."

ಸುತ್ತ ಜನ ಸೇರಿದರು. ಹೆಡ್‌ಮಾಸ್ತರು ನಕ್ಕು, "ತಾಯಿ, ಇವರದು ಅಪ್ಪಟ ಒರಿಜಿನಲ್ಲು. ವಯಸ್ಸಾದ್ಮೇಲೆ ಕಿವಿ ಎಲ್ಲರಿಗೂ ಹಾಗೇ" ಅಂದರು. ನಾಲ್ಕಾರು ಜನ ಕಿಸಕ್ಕೆಂದರು. ಆಕೆಯ ಮುಖ ಕೆಂಪಾಯಿತು. "ಇರ್ಬೋದೇನೋ" ಎಂದು ಸಣ್ಣ ದನಿಯಲ್ಲಿ ಹೇಳಿ, ಕೈಚೀಲ ಹೆಗಲಿಗೇರಿಸಿ ಹೊರಟರು.

ನಾನು ಮಾವನನ್ನು ದುರುಗುಟ್ಟಿ ನೋಡಿದೆ. ಅವರು ನೆಲ ನೋಡುತ್ತಿದ್ದರು. ಇನ್ನೇನು ನಾನೇ ಬಾಯಿ ಬಿಡುವವಳಿದ್ದೆ, ಅಷ್ಟರಲ್ಲಿ "ಅಮ್ಮಾ, ನಿಲ್ಲಿ!" ಎಂದು ಅವರೇ ಕೂಗಿ, ಬಾನೆಟ್ ಎತ್ತಿದರು.

"ನಿಮ್ಮ ಕಿವಿ ಸರಿಯಾಗೇ ಇದೆ. ಸುಳ್ಳು ಹೇಳ್ದೋನು ನಾನು."

ಹೆಡ್‌ಮಾಸ್ತರು ಬಗ್ಗಿ ಒಳಗೆ ನೋಡಿ, ಗೋಡೆಯ ಕಡೆ ಕೈ ತೋರಿಸಿದರು. ಮಾವ ಗಾಡಿ ತೆಗೆದು ಹಿಂದಿನ ಸಾಲಿಗೆ ಹೋದರು. ಇನ್ನು ಈ ಮನುಷ್ಯ ಮನೆಗೆ ಹೋಗಿ ಹಾಸಿಗೆ ಹಿಡಿಯುತ್ತಾರೆ ಅಂದುಕೊಂಡೆ.

ಆಕೆ ಹಿಂದೆಯೇ ಬಂದು ಎಂಜಿನ್ನನ್ನು ಕಣ್ತುಂಬ ನೋಡಿದರು. "ಇಷ್ಟು ಚಿಕ್ಕ ಜಾಗದಲ್ಲಿ ಹೇಗ್ರೀ ಕೂರಿಸಿದ್ರಿ? ನನ್ನ ವ್ಯಾನಲ್ಲೇ ಇಕ್ಕಟ್ಟಾಗಿತ್ತು."

ಮಾವ ಮೊದಲು ತಡವರಿಸಿದರು. ಆಮೇಲೆ ಎಂಜಿನ್ ಕೂರಿಸುವ ಬ್ರಾಕೆಟ್ಟುಗಳನ್ನು ತಾವೇ ಮಾಡಿದ್ದು, ಕೂದಲೆಳೆಯಷ್ಟು ತಪ್ಪಿದ್ದಕ್ಕೆ ಮೂರು ಸಲ ಬಿಸಾಡಿ ಮತ್ತೆ ಮಾಡಿದ್ದು, ಫ್ಯಾನಿಗೆ ಜಾಗ ಸಾಲದೆ ರೇಡಿಯೇಟರನ್ನೇ ಎರಡು ಬೆರಳು ಮುಂದೆ ಸರಿಸಿದ್ದು, ಎಲ್ಲ ಹೇಳಿದರು. ಪಕ್ಕದ ಗಾಡಿಯವನು ಬಂದ. ಅವನ ಹಿಂದೆ ಇನ್ನಿಬ್ಬರು. ಒಬ್ಬ ಅಳತೆ ಬರೆದುಕೊಳ್ಳತೊಡಗಿದ. ಮಾವ ಬದುಕಿನಲ್ಲಿ ಮಾಡಿದ ಅತಿ ಒಳ್ಳೆಯ ಕೆಲಸ ಅದು. ಅದನ್ನೇ ಒಂಬತ್ತು ವರ್ಷ ಕಳ್ಳಮಾಲಿನಂತೆ ಮುಚ್ಚಿಟ್ಟಿದ್ದರು. ನನಗೆ ಕಣ್ಣು ತುಂಬಿ ಬಂತು. ಸಿಟ್ಟೂ ಬಂತು.

ಬಿಸಿಲೇರಿತು. ಮುಂದಿನ ಸಾಲು ಖಾಲಿಯಾಯಿತು.

"ಮಾವ, ಹೊರಡೋಣ್ವಾ? ಊಟದ ಹೊತ್ತಾಯ್ತು" ಅಂದೆ.

ಅವರು ನನ್ನ ಕಡೆ ತಿರುಗಲೂ ಇಲ್ಲ. "ಇರಮ್ಮ, ಇವರಿಗೆ ಗೇರ್‌ಬಾಕ್ಸಿಂದು ಇನ್ನೂ ಹೇಳೇ ಇಲ್ಲ."