ಮುಸುಕು ಹಾಕಿದ ಬೋರ್ಡು

ನಮ್ಮ ಮಾವ ಅಂಗಡಿಗಳ ಬೋರ್ಡು ಬರೆಯುವ ಪೇಂಟರ್. ಕೈ ನಡುಗಲು ಶುರುವಾಗುವವರೆಗೂ ಈ ಊರಿನ ಅರ್ಧ ಅಂಗಡಿಗಳ ಹೆಸರನ್ನು ಏಣಿ ಹತ್ತಿ ಬರೆದವರು ಅವರೇ. ಅವರದೊಂದು ಕಟ್ಟುನಿಟ್ಟು ಇತ್ತು. ಬರೆದು ಮುಗಿಯುವವರೆಗೆ ಬೋರ್ಡಿನ ಮೇಲೆ ಹಳೆಯ ಬೆಡ್‌ಶೀಟು ಇಳಿಬಿಟ್ಟಿರಬೇಕು. ಅಂಗಡಿಯ ಮಾಲೀಕನೇ ಬಂದು ಇಣುಕಿದರೂ ಗದರಿಸಿ ಕಳಿಸುತ್ತಿದ್ದರಂತೆ.

“ಹಸಿ ಬಣ್ಣ ನೋಡಿದೋನು ಏನಾದ್ರೂ ಒಂದು ಹೇಳೇ ಹೇಳ್ತಾನಮ್ಮ. ಆ ಮಾತು ತಲೇಲಿ ಕೂತ್ರೆ ಮುಗೀತು, ಅಕ್ಷರ ಸೊಟ್ಟ ಆಗುತ್ತೆ” ಅನ್ನುವುದು ಅವರ ವಾದ.

ಮಗನಿಗೆ ಬಂದಿರುವುದು ಈ ಮುಸುಕಿನ ಹುಚ್ಚು ಮಾತ್ರ. ಇವರು, ಅಂದರೆ ನನ್ನ ಯಜಮಾನರು, ಮೋಟಾರು ಬಿಡಿಭಾಗಗಳ ಗೋದಾಮಿನಲ್ಲಿ ಕೆಲಸ ಮಾಡುತ್ತಾರೆ. ರಜೆ ಬಂತೆಂದರೆ ಕ್ಯಾಮೆರಾ ಕೊರಳಿಗೆ ಬೀಳುತ್ತದೆ. ಅವರು ತೆಗೆದ ಫೋಟೋಗಳಲ್ಲಿ ನಾವು ಕಣ್ಣಾರೆ ಕಂಡದ್ದು ಬೆರಳೆಣಿಕೆಯಷ್ಟು. ಉಳಿದವೆಲ್ಲ “ಇನ್ನೂ ರೆಡಿ ಆಗಿಲ್ಲ” ಎಂಬ ಹೆಸರಿನಲ್ಲಿ ಲ್ಯಾಪ್‌ಟಾಪಿನೊಳಗೆ ನಿದ್ದೆ ಮಾಡುತ್ತಿವೆ.

ಮಾವನ ಕಣ್ಣು ಮಂಜಾಗುತ್ತಿದೆ ಎಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕಣ್ಣಿನ ಡಾಕ್ಟರಮ್ಮ ಸುತ್ತುಬಳಸಿ ಮಾತಾಡುವವರಲ್ಲ. “ನೋಟದ ನಡುಮಧ್ಯೆ ಕತ್ತಲೆ ಬೆಳೀತಾ ಹೋಗುತ್ತೆ. ನಿಧಾನ ಮಾಡಬಹುದು, ನಿಲ್ಸೋಕಾಗಲ್ಲ. ನೋಡಬೇಕು ಅಂತ ಆಸೆ ಇರೋದನ್ನೆಲ್ಲ ಈಗ್ಲೇ ನೋಡ್ಬಿಡಿ ತಾತ” ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಮಾವ ಕಿಟಕಿಯ ಕಡೆಗೆ ಮುಖ ಮಾಡಿಕೊಂಡೇ ಹೇಳಿದರು. “ನನ್ನ ಬೋರ್ಡುಗಳನ್ನ ಇನ್ನೊಂದ್ಸಲ ನೋಡ್ಬೇಕಲ್ಲೋ.”

ಬೀದಿ ಬೀದಿ ಸುತ್ತಲು ಅವರ ಮಂಡಿ ಒಪ್ಪುತ್ತಿರಲಿಲ್ಲ. ಸುತ್ತಿಸಿದರೂ ಅಷ್ಟು ಎತ್ತರದ್ದು ಅವರಿಗೆ ಕಾಣುತ್ತಲೂ ಇರಲಿಲ್ಲ. “ನಾನು ಫೋಟೋ ತೆಗೆದು ದೊಡ್ಡದಾಗಿ ಪ್ರಿಂಟ್ ಹಾಕಿಸ್ತೀನಿ ಅಪ್ಪ. ಕುರ್ಚೀಲಿ ಕೂತ್ಕೊಂಡು ನೋಡು” ಎಂದರು ಇವರು. ಆ ಮಾತಿಗೆ ನನಗೆ ನಿಜಕ್ಕೂ ಗಂಡನ ಮೇಲೆ ಅಭಿಮಾನ ಉಕ್ಕಿತು. ಮುಂದಿನದು ಗೊತ್ತಿದ್ದರೆ ಅಷ್ಟು ಉಕ್ಕುತ್ತಿರಲಿಲ್ಲವೇನೋ.

ಫೋಟೋ ತೆಗೆಯುವ ಕೆಲಸ ಬೇಗ ಆಯಿತು. ಹೊಲಿಗೆ ಅಂಗಡಿ, ಗಡಿಯಾರ ರಿಪೇರಿ ಅಂಗಡಿ, ಮುಚ್ಚಿಹೋದ ಚಪ್ಪಲಿ ಅಂಗಡಿ, ಪ್ಲಾಸ್ಟಿಕ್ ಬೋರ್ಡುಗಳ ನಡುವೆ ಉಳಿದುಕೊಂಡಿದ್ದ ಒಂದನ್ನೂ ಬಿಡಲಿಲ್ಲ. ತೊಡಕು ಶುರುವಾದದ್ದು ಮನೆಗೆ ಬಂದ ಮೇಲೆ. ಕಂಪ್ಯೂಟರಿನ ಜೊತೆಗೇ ಪುಕ್ಕಟೆ ಬಂದ ಒಂದು ಚಿಕ್ಕ ಸಾಫ್ಟ್‌ವೇರ್ ಇತ್ತು. ಬೆಳಕು ಹೆಚ್ಚು ಕಡಿಮೆ ಮಾಡಬಹುದು, ಅಂಚು ಕತ್ತರಿಸಬಹುದು, ಏನೂ ತಿಳಿಯದಿದ್ದರೆ ಒಂದು ಗುಂಡಿ ಒತ್ತಿದರೆ ಅದೇ ಎಲ್ಲವನ್ನೂ ಸರಿಮಾಡಿಕೊಡುತ್ತದೆ. ಇನ್ನೊಂದು ದೊಡ್ಡದು, ಸ್ಟುಡಿಯೋದವರು ಬಳಸುವಂಥದ್ದು, ದುಡ್ಡು ಕೊಟ್ಟು ತರಬೇಕಾದದ್ದು.

“ಚಿಕ್ಕದರಲ್ಲೇ ಮಾಡಿ ಕೊಡ್ರೀ, ಸಾಕು” ಎಂದೆ.

“ಅದರಲ್ಲಿ ಅಪ್ಪನ ಕೆಂಪು ಬರಲ್ಲ ಕಣೇ. ಇಟ್ಟಿಗೆ ಥರ ಆಗುತ್ತೆ.”

ಆಮೇಲೆ ಹಗಲೂ ಇರುಳೂ ಅದೇ ಧ್ಯಾನ. ದೊಡ್ಡದು ಹವ್ಯಾಸಕ್ಕೆ ಅತಿಯಾಯಿತಾ, ಚಿಕ್ಕದು ಅಪ್ಪನಿಗೆ ಕಡಿಮೆಯಾಯಿತಾ? ಇವತ್ತು ದೊಡ್ಡದು ಎಂದವರು ನಾಳೆ ಚಿಕ್ಕದು ಎನ್ನುವರು. ಒಬ್ಬ ಗಡ್ಡದವನ ವಿಡಿಯೋ ದೊಡ್ಡದನ್ನು ಹೊಗಳಿದರೆ ಇನ್ನೊಬ್ಬ ಬೋಳುತಲೆಯವನದು ತೆಗಳುತ್ತಿತ್ತು. ಆ ಇಬ್ಬರೂ ನಮ್ಮ ಮನೆಯಲ್ಲೇ ಬಾಡಿಗೆಗಿದ್ದಾರೇನೋ ಎನ್ನಿಸುವಷ್ಟು ಅವರ ದನಿ ಕೇಳಿದ್ದೇನೆ. ಕೊನೆಗೆ ಗಡ್ಡದವನು ಗೆದ್ದ. ದೊಡ್ಡದು ಬಂತು. ಅದನ್ನು ಕಲಿಯುವುದೇ ಒಂದು ಓದಾಯಿತು. ಒಂದರ ಮೇಲೊಂದು ಪದರ, ಪದರಕ್ಕೊಂದು ಬಣ್ಣ. ಲ್ಯಾಪ್‌ಟಾಪು ಬಿಸಿಯಾಗಿ ಬುಸುಗುಡುತ್ತಿತ್ತು, ಅದರ ಮುಂದೆ ಇವರು.

ಆ ಕೆಂಪನ್ನು ಬೆರೆಸಿದ ಮನುಷ್ಯ ಪಕ್ಕದ ಕೋಣೆಯಲ್ಲೇ ಕೂತಿದ್ದರು. ಲ್ಯಾಪ್‌ಟಾಪನ್ನು ಎತ್ತಿಕೊಂಡು ಹೋಗಿ “ಅಪ್ಪ, ಇದೇನಾ?” ಎಂದು ಕೇಳಿದ್ದರೆ ಆಗುತ್ತಿತ್ತು. ಆದರೆ ಇವರು ಮುಸುಕಿನ ಮನೆತನದವರು.

ಅಷ್ಟರಲ್ಲಿ ಮಾವ ಲೋಟಕ್ಕೆ ನೀರು ಬಗ್ಗಿಸಿದರೆ ಪಕ್ಕಕ್ಕೆ ಬೀಳತೊಡಗಿತು. ಇವರು ಗೋದಾಮಿಗೆ ಹೋಗಿದ್ದಾಗ ಚಿಕ್ಕ ಸಾಫ್ಟ್‌ವೇರನ್ನು ನಾನೇ ತೆರೆದು, ಒಂದೊಂದು ಫೋಟೋಗೂ ಆ ಒಂದು ಗುಂಡಿ ಒತ್ತಿ, ಮೊಬೈಲಿಗೆ ಹಾಕಿಕೊಂಡೆ. ಕೆಂಪು ಇಟ್ಟಿಗೆಯಂತೆ ಏನೂ ಇರಲಿಲ್ಲ, ನನ್ನ ಕಣ್ಣಿಗಂತೂ ಕೆಂಪು ಕೆಂಪಾಗಿಯೇ ಇತ್ತು. ಗಡಿಯಾರದ ಅಂಗಡಿಯ ಬೋರ್ಡಿನ ಕೊನೆಯ ಅಕ್ಷರದಿಂದ ಬಣ್ಣ ಒಂದು ಎಳೆಯಾಗಿ ಕೆಳಗಿಳಿದದ್ದೂ ಕಾಣುತ್ತಿತ್ತು. ಓಡಿಹೋಗಿ ಮಾವನ ಮುಂದೆ ಹಿಡಿದೆ.

“ಮಾವ, ನಿಮ್ಮ ಬೋರ್ಡುಗಳು. ನೋಡ್ಬಿಡಿ.”

ಅವರು ಮುಖ ತಿರುಗಿಸಿಕೊಂಡರು. “ಬೇಡಮ್ಮ. ಅವನು ಇನ್ನೂ ಮುಗಿಸಿಲ್ಲ ಅಲ್ವಾ?”

“ಅವರು ಮುಗಿಸೋ ಹೊತ್ತಿಗೆ...”

“ಗೊತ್ತು ಕಣಮ್ಮ. ಆದ್ರೂ ಮುಸುಕು ಅವನೇ ತೆಗೀಲಿ. ನಾನು ಯಾರಿಗೂ ತೋರಿಸ್ಲಿಲ್ಲ, ಈಗ ಕದ್ದು ನೋಡಿದ್ರೆ ಸರಿಯಾಗುತ್ತಾ?”

ಅಪ್ಪನಿಗೆ ತಕ್ಕ ಮಗ, ಮಗನಿಗೆ ತಕ್ಕ ಅಪ್ಪ. ನನಗೆ ಇಬ್ಬರ ಮೇಲೂ ಮೈ ಉರಿಯಿತು. ಸಂಜೆ ಇವರಿಗೆ ನೀರು ಚೆಲ್ಲಿದ್ದನ್ನು ಹೇಳಿ ಕೂಗಾಡಿದೆ. “ಇನ್ನೇನು ಆಗೋಯ್ತು ಕಣೇ” ಎಂದರು. ಆ ಹೊತ್ತಿಗೆ ಬಣ್ಣದ ಕೆಲಸ ಮುಗಿದು ಅಳಿಸುವ ಕೆಲಸ ಶುರುವಾಗಿತ್ತು. ದೊಡ್ಡದರಲ್ಲಿ ಅದೊಂದು ಜಾದೂ. ಬೋರ್ಡಿಗೆ ಅಡ್ಡ ಬಂದ ತಂತಿ, ಪಾರಿವಾಳದ ಹಿಕ್ಕೆ, ತುಕ್ಕಿನ ಕಲೆ, ಎಲ್ಲ ಸವರಿದರೆ ಮಾಯ. “ನೋಡು, ಅಪ್ಪ ಏಣಿ ಇಳಿದ ದಿನ ಹೇಗಿತ್ತೋ ಹಾಗೇ ಇದೆ” ಎಂದು ಬೀಗಿದರು. ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು.

ಕೊನೆಗೂ ಪ್ರಿಂಟುಗಳು ಬಂದವು. ಕೈಯಗಲಿಸಿ ಹಿಡಿಯುವಷ್ಟು ದೊಡ್ಡವು. ಇವರು ಗೋಡೆಗೆ ಒರಗಿಸಿಟ್ಟು, ಬೀರುವಿನಿಂದ ಹಳೆಯ ಬೆಡ್‌ಶೀಟು ತಂದು ಮುಸುಕು ಹಾಕಿ, ಅಪ್ಪನನ್ನು ಕೈಹಿಡಿದು ಕರೆತಂದು ಕೂರಿಸಿ, ಮುಸುಕು ಎಳೆದರು.

ಮಾವ ನೆಟ್ಟಗೆ ನೋಡಿದರು. ತಲೆ ಎಡಕ್ಕೆ ವಾಲಿಸಿದರು, ಬಲಕ್ಕೆ ವಾಲಿಸಿದರು. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಮತ್ತೆ ಹಿಂದಕ್ಕೆ ಸರಿಸಿದರು. ಇವರ ಮುಖದ ಬಣ್ಣ ಇಳಿದುಹೋಯಿತು.

“ಅಂಚಲ್ಲಿ ಬೆಳಕು ಗೊತ್ತಾಗುತ್ತೆ” ಎಂದರು ಮಾವ. “ಅಕ್ಷರ ಸಿಕ್ತಾ ಇಲ್ಲ ಕಣೋ.”

ಇವರು ಕುರ್ಚಿಯ ಪಕ್ಕ ನೆಲದ ಮೇಲೆ ಕುಸಿದು ಕೂತರು. “ತಪ್ಪಾಯ್ತು ಅಪ್ಪ. ತಡ ಮಾಡ್ಬಿಟ್ಟೆ.”

“ಹೋಗ್ಲಿ ಬಿಡು. ನೀನೇ ಹೇಳು, ಕೇಳ್ತೀನಿ. ಗಡಿಯಾರದ ಅಂಗಡೀದು ಯಾವುದು? ಅದನ್ನ ಕೊಡು ಇಲ್ಲಿ.”

ಇವರು ಆ ಪ್ರಿಂಟನ್ನು ಅಪ್ಪನ ತೊಡೆಯ ಮೇಲೆ ಇಟ್ಟರು. ಮಾವ ಅಂಗೈಯಲ್ಲಿ ಅದನ್ನು ಸವರುತ್ತಾ ನಕ್ಕರು. “ಕೊನೇ ಅಕ್ಷರ ಬರೀತಿದ್ದೆ. ಏಣಿ ಕೆಳಗೆ ನಿನ್ನ ಸೋದರಮಾವ ಬಂದು ‘ಭಾವ, ಗಂಡು ಮಗು’ ಅಂತ ಕೂಗ್ದ. ಕೈ ನಡುಗಿ ಬಣ್ಣ ಇಳಿದುಹೋಯ್ತು. ಒರೆಸೋಕೆ ಮನಸ್ಸು ಬರ್ಲಿಲ್ಲ, ಹಾಗೇ ಬಿಟ್ಟೆ. ಅದೊಂದು ನೋಡ್ಬೇಕಿತ್ತು ನಂಗೆ. ಎಲ್ಲಿದೆ ತೋರ್ಸು.”

ಇವರು ತಲೆ ಎತ್ತಿ ನನ್ನನ್ನು ನೋಡಿದರು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ.

“ಇದ್ಯೇನೋ?”

“ಇದೆ ಅಪ್ಪ” ಎಂದು ಇವರು ಅಪ್ಪನ ಬೆರಳು ಹಿಡಿದು, ಕೊನೆಯ ಅಕ್ಷರದ ಕೆಳಗೆ, ಒಂದು ಕಲೆಯೂ ಇಲ್ಲದ ಜಾಗದಲ್ಲಿ ಇಟ್ಟರು.