ತಿಂಡಿ ತಿಂದ ಕೇರಿ

“ನೀರು ಕುಡಿದು ಹೋಗಾ ಶಿವರಾಮ,” ಎಂದು ಮಹಾಲಕ್ಷ್ಮೀ ಟೀಚರು ಜಗುಲಿಯಿಂದ ಕರೆದಾಗ ಶಿವರಾಮನ ಸ್ಕೂಟರಿನ ಹಿಂದೆ ತುಮರಿಯ ಹುಡುಗಿ ಕೂತಿದ್ದಳು. ಅವಳು ಟೀಚರ ಕಣ್ಣಿಗೆ ಬೀಳದಂತೆ ಮೇಲಿನಕೇರಿ ದಾಟಿ ತನ್ನ ಕೆಳಗಿನಕೇರಿ ಸೇರಿಬಿಡಬೇಕೆಂದು ಅವನು ಹಾರನ್ನು ಕೂಡ ಹೊಡೆಯದೆ ಬಂದಿದ್ದ. ಆದರೆ ಜೀವಮಾನವಿಡೀ ಶಾಲೆಯ ಮೈದಾನದಲ್ಲಿ ಸೀಟಿ ಊದಿ ನಿವೃತ್ತರಾದವರ ಕಣ್ಣು ತಪ್ಪಿಸುವುದು ಅಷ್ಟು ಸುಲಭವಲ್ಲ. ಅದರಲ್ಲೂ ಒಂದು ಕಾಲದಲ್ಲಿ ಅವರ ಕೈಯಿಂದಲೇ ಪೆಟ್ಟು ತಿಂದಿದ್ದವನಿಗೆ ಸ್ಕೂಟರು ನಿಲ್ಲಿಸದೆ ಹೋಗುವ ಧೈರ್ಯವೂ ಬರಲಿಲ್ಲ.

ಜಗುಲಿಯ ಮೂಲೆಯಲ್ಲಿ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದ ತಾಮ್ರದ ಕೊಡ ಫಳಫಳ ಹೊಳೆಯುತ್ತಿತ್ತು. ಅದೇ ಕೊಡ. ಪ್ರತಿ ಬೇಸಿಗೆಯಲ್ಲಿ ಎರಡೂ ಕೇರಿಯ ಮಕ್ಕಳಿಗೆ ಹೊಸಕೆರೆಯಲ್ಲಿ ಈಜುಪಂದ್ಯ ನಡೆದು, ಗೆದ್ದ ಕೇರಿಗೆ ಒಂದು ವರ್ಷದ ಮಟ್ಟಿಗೆ ಸಿಗುವ ಕೊಡ. ನಾಲ್ಕು ವರ್ಷದಿಂದ ಅದು ಟೀಚರ ಮನೆ ಬಿಟ್ಟು ಅಲ್ಲಾಡಿಲ್ಲ. ಬೇರೆಯವರಾಗಿದ್ದರೆ ಷೋಕೇಸಿನಲ್ಲಿ ಇಡುತ್ತಿದ್ದರು. ಟೀಚರು ಅದರಲ್ಲಿ ಕುಡಿಯುವ ನೀರು ತುಂಬಿಸಿಟ್ಟು, ದಾರಿಯಲ್ಲಿ ಹೋಗುವ ಕೆಳಗಿನಕೇರಿಯವರನ್ನೆಲ್ಲ ಹೆಸರು ಹಿಡಿದು ಕರೆದು ಕುಡಿಸುತ್ತಿದ್ದರು.

“ಬಾಯಾರಿಕೆ ಇಲ್ಲ ಟೀಚರ್,” ಎಂದ ಶಿವರಾಮ. ಬಾಯಿ ಒಣಗಿತ್ತು. ಆದರೆ ಕೊಡ ತಮ್ಮ ಕೇರಿಗೆ ಬರುವವರೆಗೆ ಅದರ ನೀರು ಮುಟ್ಟುವುದಿಲ್ಲವೆಂದು ಅವನು ಮೊದಲ ಸಲ ಸೋತಾಗಲೇ ಎಲ್ಲರೆದುರು ಹೇಳಿಬಿಟ್ಟಿದ್ದ.

ಟೀಚರು ಆಗಲೇ ಹುಡುಗಿಯನ್ನು ನೋಡುತ್ತಿದ್ದರು. “ಯಾರ ಮನೆ ಕೂಸೇ ನೀನು?”

“ತುಮರಿ ಕೃಷ್ಣಪ್ರಸಾದನ ಮಗಳು. ನವ್ಯಾ ಹೇಳಿ ಹೆಸರು. ಹೇರಂಬ ಮಾವನ ಮನೆಗೆ ಬಂದಿದ್ದಿ.”

“ಮಹಾಗಣಪತಿ ಮೊಮ್ಮಗಳನೇ! ಹಂಗಾದ್ರೆ ನೀ ಎಂಗೊಕ್ಕೂ ಸಂಬಂಧವೇ. ನಾಳೆ ಬೆಳಗ್ಗೆ ತಿಂಡಿಗೆ ಇಲ್ಲಿಗೇ ಬಾ. ತೆಳ್ಳೇವು ಮಾಡ್ತಿ, ಜೋನಿಬೆಲ್ಲ ಇದ್ದು. ಬತ್ತೆ ಅಲ್ದಾ?”

ತೆಳುದೋಸೆಯ ಜೊತೆ ಪಾಕದಂಥ ಬೆಲ್ಲವೆಂದು ಕೇಳಿ ಹುಡುಗಿ ಆಸೆಯಿಂದ ಬಾಯಿ ತೆರೆಯುವಷ್ಟರಲ್ಲಿ ಶಿವರಾಮ ಸ್ಕೂಟರು ಹೊರಡಿಸಿಬಿಟ್ಟ. ಹಿಂದಿನಿಂದ ಟೀಚರ ನಗು ಇಳಿಜಾರಿನ ಕೊನೆಯವರೆಗೂ ಕೇಳಿಸಿತು.

ತಿಂಡಿಯ ವಿಷಯ ನಗುವಂಥದ್ದಲ್ಲ. ಮೇ ತಿಂಗಳಲ್ಲಿ ಸಾಗರ ಪೇಟೆಯಲ್ಲಿ ಯಾವ ಮಗು ಯಾವ ಮನೆಯದೆಂದು ಹೇಳುವುದು ಬ್ರಹ್ಮನಿಗೂ ಕಷ್ಟ. ಅರ್ಧ ಮಕ್ಕಳು ಅಜ್ಜಿಮನೆಗೆ ಹೋಗಿರುತ್ತವೆ, ಇನ್ನರ್ಧ ಅಜ್ಜಿಮನೆಗೆಂದು ಬಂದಿರುತ್ತವೆ. ಇದೇ ಕಾರಣಕ್ಕೆ ಒಂದು ವರ್ಷ ಕೆರೆಯ ದಂಡೆಯ ಮೇಲೆ ದೊಡ್ಡವರು ಕೈ ಕೈ ಮಿಲಾಯಿಸುವ ಹಂತಕ್ಕೆ ಹೋಗಿದ್ದರು. ಆಗ ಕೆರೆ ಸಮಿತಿಯ ಹಿರಿಯ ಅಂಜನಪ್ಪ ಮಧ್ಯೆ ಬಂದು ನಿಯಮ ಹೇಳಿದರು: ಪಂದ್ಯದ ದಿನ ಬೆಳಿಗ್ಗೆ ಯಾವ ಕೇರಿಯಲ್ಲಿ ತಿಂಡಿ ತಿಂದಿತೋ, ಮಗು ಆ ಕೇರಿಯದು. ಅನ್ನ ಹಾಕಿದವರ ಋಣ ದೊಡ್ಡದು, ಅದರ ಮೇಲೆ ಮಾತಿಲ್ಲ.

ಅಂದಿನಿಂದ ಈಜುಪಂದ್ಯ ನಿಜವಾಗಿ ನಡೆಯುವುದು ಅಡುಗೆಮನೆಯಲ್ಲಿ. ಒಂದು ಮನೆಯಲ್ಲಿ ಹಲಸಿನಹಣ್ಣಿನ ಕಡುಬು ಎಂದು ಸುದ್ದಿ ಹಬ್ಬಿದರೆ ಇನ್ನೊಂದು ಕೇರಿಯಲ್ಲಿ ಪೂರಿ ಕರಿಯುತ್ತಾರೆ. ಹೋದ ವರ್ಷ ಒಬ್ಬ ಹುಡುಗ ದಾಕ್ಷಿಣ್ಯಕ್ಕೆ ಎರಡೂ ಕೇರಿಯಲ್ಲಿ ತಿಂದು, ಯಾವ ಕಡೆಗೂ ಈಜಲಾರದೆ ಕೆರೆಯ ಮೆಟ್ಟಿಲ ಮೇಲೆ ಹೊಟ್ಟೆ ಹಿಡಿದುಕೊಂಡು ಮಲಗಿದ್ದ.

ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುವ ಶಿವರಾಮನಿಗೆ ಬೇಸಿಗೆಯೇ ಸುಗ್ಗಿ. ಆದರೂ ಏಪ್ರಿಲ್ ಬಂತೆಂದರೆ ಸಂಜೆ ಅಂಗಡಿಯ ಬಾಗಿಲೆಳೆದು ತಮ್ಮ ಕೇರಿಯ ಮಕ್ಕಳಿಗೆ ಈಜು ಹೇಳಿಕೊಡಲು ಕೆರೆಗೆ ಓಡುತ್ತಿದ್ದ. ಈ ಸಲ ಅವನಿಗೆ ಇನ್ನೊಂದು ಬಲ ಬಂದಿತ್ತು. ಶರಾವತಿ ಹಿನ್ನೀರಿಗೆ ಸೇತುವೆಯಾಗಿ ತುಮರಿಗೆ ಹೋಗಲು ಲಾಂಚಿಗೆ ಕಾಯುವ ಕಾಟ ತಪ್ಪಿತ್ತು. ಸೇತುವೆಯಿಂದ ಬೇರೆಯವರಿಗೆ ಏನೇನು ಅನುಕೂಲವಾಯಿತೋ, ಶಿವರಾಮನಿಗೆ ಮಾತ್ರ ಈಜುವ ಮಕ್ಕಳ ಒಂದು ಹೊಸ ಸೀಮೆಯೇ ತೆರೆದುಕೊಂಡಿತು. ಅವನ ಕೇರಿಯವನೇ ಆದ ಔಷಧಿ ಅಂಗಡಿಯ ಹೇರಂಬ, “ನಮ್ಮ ಅಕ್ಕನ ಮಗಳು ಹಿನ್ನೀರಲ್ಲಿ ಮೀನಿನಂಗೆ ಹೋಗ್ತಾಳೆ,” ಎಂದದ್ದೇ ತಡ, ಶಿವರಾಮ ತಾನೇ ಹೋಗಿ ಕರೆತರುತ್ತೇನೆಂದು ಹೊರಟಿದ್ದ.

ಅವತ್ತು ಸಂಜೆಯೇ ಕೆರೆಗಿಳಿಸಿ ನೋಡಿದರು. ಹೇರಂಬ ಹೇಳಿದ್ದು ಕಡಿಮೆಯೇ. ನವ್ಯಾ ಮೆಟ್ಟಿಲಿನಿಂದ ಹಾರಿದವಳು ಎಲ್ಲಿ ತಲೆ ಎತ್ತುತ್ತಾಳೆಂದು ಹುಡುಕುವಷ್ಟರಲ್ಲಿ ಕೆರೆಯ ನಡುವೆ ನೆಟ್ಟಿದ್ದ ಬಿದಿರಿನ ಗಳವನ್ನು ಸುತ್ತಿ ತಿರುಗಿ ಬರುತ್ತಿದ್ದಳು. ಶಿವರಾಮನಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅವನ ಕಣ್ಣಿಗೆ ತಾಮ್ರದ ಕೊಡ ಆಗಲೇ ತನ್ನ ಮನೆಯ ಕಟ್ಟೆಯ ಮೇಲೆ ಕಂಡಿತ್ತು.

“ಕಾಯಿ ಕೊಟ್ಟು ಈಜಿಸ್ಲಿಲ್ಲ ಅಪ್ಪ,” ಎಂದಳು ಪಕ್ಕದಲ್ಲಿ ನಿಂತಿದ್ದ ಚೈತನ್ಯಾ. ಶಿವರಾಮನ ಒಬ್ಬಳೇ ಮಗಳು, ಹನ್ನೆರಡು ವರ್ಷದವಳು. ಈ ಕಡೆಯ ಹಳಬರೆಲ್ಲ ಸೊಂಟಕ್ಕೆ ಒಣ ತೆಂಗಿನಕಾಯಿ ಕಟ್ಟಿಕೊಂಡು ಈಜು ಕಲಿತವರಾದ್ದರಿಂದ ಪಂದ್ಯದಲ್ಲೂ ಕಾಯಿ ಇತ್ತು. ತಂಡಕ್ಕೆ ನಾಲ್ವರು. ಒಬ್ಬೊಬ್ಬರೂ ಸಿಪ್ಪೆ ಸುಲಿಯದ ಒಣಕಾಯಿಯೊಂದನ್ನು ನೀರಿನ ಮೇಲೆ ನೂಕಿಕೊಂಡು ಗಳ ಸುತ್ತಿ ಬಂದು ಮುಂದಿನವರಿಗೆ ಒಪ್ಪಿಸಬೇಕು. ಕೈಯಲ್ಲಿ ಹಿಡಿಯುವಂತಿಲ್ಲ.

“ಇಷ್ಟು ಜೋರಾಗಿ ಹೋಗೋಳಿಗೆ ಕಾಯಿ ಯಾವ ಲೆಕ್ಕ ಮಾರಾಯ್ತಿ?” ಎಂದ ಶಿವರಾಮ. ಆಮೇಲೆ, ಅಂಗಡಿಗೆ ಬಂದವರಿಗೆ ಬೆಲ್ಟ್ ಸವೆದಿದೆ ಎಂದು ಹೇಳುವಷ್ಟೇ ಹಗುರಾಗಿ, “ನಾಳೆ ಕೊನೇದು ಅವಳು. ನೀನು ಈ ಸಲ ಎಲ್ಲರ ಟವೆಲ್ ನೋಡ್ಕೋ,” ಎಂದುಬಿಟ್ಟ.

ಚೈತನ್ಯಾ ತನ್ನ ಕಾಯಿಯನ್ನೆತ್ತಿ ಮೆಟ್ಟಿಲ ಮೇಲಿಟ್ಟಳು. ಮೂರು ಬೇಸಿಗೆ ಅವನ ಹಿಂದೆ ಹಿಂದೆ ಕೆರೆಗೆ ಬಂದು, ಮಿಕ್ಕ ಮಕ್ಕಳು ಮನೆಗೆ ಹೋದ ಮೇಲೂ ಕಾಯಿ ನೂಕುತ್ತಿದ್ದ ಹುಡುಗಿ. ಅವಳ ಈಜು ಮಂದ. ಅದು ಎಲ್ಲರಿಗೂ ಗೊತ್ತು, ಅವಳಿಗೂ ಗೊತ್ತು. ಆದರೆ ಈ ವರ್ಷ ನಾಲ್ಕನೆಯವಳು ತಾನೇ ಎಂದು ಇಡೀ ಕೇರಿಗೆ ಹೇಳಿಕೊಂಡು ಬಂದಿದ್ದಳು.

ಊಟಕ್ಕೆ ಕೂತಾಗ ಹೆಂಡತಿ ಮಾಸ್ತಮ್ಮ ಸಾರು ಬಡಿಸುತ್ತ, “ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಂಗಾಯ್ತು ನಿಮ್ಮ ಕತೆ,” ಎಂದಳು.

“ಗೆಲ್ಲದು ಬೇಡ್ವನೇ ನಮಗೆ?”

“ನಮಗೆ ಅಂದ್ರೆ ಯಾರಿಗೆ?” ಎಂದು ಮಾಸ್ತಮ್ಮ ಒಳಗೆ ಹೋದಳು. ಶಿವರಾಮ ಬೇಗಬೇಗ ಸಾರನ್ನ ಕಲಸಿದ. ಅವನ ತಲೆಯ ತುಂಬ ನಾಳೆ ನವ್ಯಾಗೆ ಹೇರಂಬನ ಮನೆಯಲ್ಲಿ ಎಷ್ಟು ಬೇಗ ತಿಂಡಿ ಕೊಡಿಸಬೇಕೆಂಬುದೇ ಇತ್ತು.

ಮರುದಿನ ಭಾನುವಾರ. ಬೆಳಕು ಹರಿಯುತ್ತಲೇ ಹೋಗಿ ಹೇರಂಬನ ಮನೆಯ ಬಾಗಿಲಲ್ಲಿ ಕಾವಲು ಕೂತು, ನವ್ಯಾ ಅವಲಕ್ಕಿ ತಿನ್ನುವುದನ್ನು ಕಣ್ಣಾರೆ ಕಂಡು ಮನೆಗೆ ಬಂದ. ಮಾಸ್ತಮ್ಮ ಕಾವಲಿಯ ಮೇಲೆ ದೋಸೆ ಹೊಯ್ಯುತ್ತಿದ್ದಳು. ಮಗಳು ಕಾಣಲಿಲ್ಲ.

“ಚೈತು ಎಲ್ಲಿ?”

“ಟೀಚರ್ ಮನೇಲಿ ತೆಳ್ಳೇವಂತೆ. ತಿಂದು ಹಂಗೇ ಕೆರೆಗೆ ಹೋಗ್ತೀನಿ ಅಂದ್ಲು.”

ಶಿವರಾಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಒಲೆಯ ಹತ್ತಿರಕ್ಕೇ ನುಗ್ಗಿದ. “ನೀನು ಬಿಟ್ಯಾ?”

“ನಿಯಮ ಮಾಡಿದ್ದು ನಾನಾ? ತಿನ್ನಿ, ಬಿಸಿ ಇದೆ.”

ಯಾರಿಗೆ ಬೇಕಿತ್ತು ದೋಸೆ. ಬಂದ ಕಾಲಲ್ಲೇ ಕೆರೆಗೆ ಓಡಿದ. ಸಿಟ್ಟು ಬಂದಿತ್ತು, ನಾಚಿಕೆಯೂ ಆಗಿತ್ತು. ಎರಡಕ್ಕಿಂತ ಹೆಚ್ಚಾಗಿ ಒಂದು ಥರದ ದಿಗಿಲು. ತನ್ನ ಮಗಳು ಬೇರೆ ಮನೆಯ ತಟ್ಟೆಯ ಮುಂದೆ ಕೂತದ್ದು ಹೊಟ್ಟೆಗಿಲ್ಲದೆ ಅಲ್ಲ ಎಂಬುದು ಅವನಿಗೆ ದಾರಿಯುದ್ದಕ್ಕೂ ಚುಚ್ಚುತ್ತಿತ್ತು.

ಕೆರೆಯ ಏರಿ ಜನರಿಂದ ತುಂಬಿತ್ತು. ಲಾರಿ ಟ್ಯೂಬು ಹಾಕಿಕೊಂಡ ನಾಲ್ಕಾರು ಯುವಕರು ಕಾವಲಿಗೆಂದು ನೀರಿಗಿಳಿದಿದ್ದರು. ಅಂಜನಪ್ಪ ಸೀಟಿಯನ್ನು ಕೊರಳಿಗೆ ಹಾಕಿಕೊಂಡು ಸಾಲಾಗಿ ನಿಂತ ಮಕ್ಕಳನ್ನು ಒಬ್ಬೊಬ್ಬರಾಗಿ ಕೇಳುತ್ತ ಬಂದರು.

“ತಿಂಡಿ ಎಲ್ಲಾಯ್ತಪ್ಪ? ಎಂತ ತಿಂದೆ?”

“ಹೇರಂಬ ಮಾವನ ಮನೆಲಿ. ಅವಲಕ್ಕಿ,” ಎಂದಳು ನವ್ಯಾ. ಕೆಳಗಿನಕೇರಿಯವರು ಚಪ್ಪಾಳೆ ತಟ್ಟಿದರು.

“ನಿಂದು?”

“ಟೀಚರ್ ಮನೇಲಿ. ತೆಳ್ಳೇವು,” ಎಂದಳು ಚೈತನ್ಯಾ, ಎಲ್ಲರಿಗೂ ಕೇಳುವಂತೆ. ಅಪ್ಪನ ಕಡೆ ನೋಡಲಿಲ್ಲ.

ಚಪ್ಪಾಳೆ ತಟ್ಟುತ್ತಿದ್ದ ಕೈಗಳು ನಿಂತವು. ಟೀಚರು ಶಿವರಾಮನ ಪಕ್ಕಕ್ಕೆ ಬಂದು ತಗ್ಗಿದ ದನಿಯಲ್ಲಿ, “ನಾ ಕರೀಲಿಲ್ಲ ಮಾರಾಯ,” ಎಂದರು. “ನಮ್ಮ ಅಭಿಷೇಕಂಗೆ ಕಿವಿನೋವು, ಒಬ್ರು ಕಮ್ಮಿ ಇದ್ದಿದ್ದು ನಿಜ. ಆದ್ರೆ ಇವ್ಳು ತಾನೇ ಬಂದು ತಟ್ಟೆ ಇಟ್ಕೊಂಡು ಕೂತ್ಲು. ಬಂದ ಮಗೂಗೆ ತಿಂಡಿ ಇಲ್ಲ ಅನ್ನಕ್ಕೆ ಆಗುತ್ತಾ?”

ಶಿವರಾಮ ಮಗಳ ಕಡೆಗೆ ಎರಡು ಹೆಜ್ಜೆ ಇಟ್ಟ. ಸೀಟಿ ಕೂಗಿತು.

ಮೊದಲಿನ ಮೂವರಲ್ಲಿ ಕೆಳಗಿನಕೇರಿಯೇ ಸಾಕಷ್ಟು ಮುಂದಿತ್ತು. ನವ್ಯಾ ಕಾಯಿ ತೆಗೆದುಕೊಂಡು ನೀರಿಗೆ ಬಿದ್ದ ಎಷ್ಟೋ ಹೊತ್ತಿನ ಮೇಲೆ ಚೈತನ್ಯಾಳ ಸರದಿ ಬಂತು. ಹೇರಂಬ ಆಗಲೇ ಕೊಡ ಹೊರುವುದಕ್ಕೆ ತಲೆಗೆ ಟವೆಲ್ಲು ಸುತ್ತಿಕೊಳ್ಳುತ್ತಿದ್ದ.

ನವ್ಯಾ ಹಿನ್ನೀರಿನ ಹುಡುಗಿ. ಕೈ ಬೀಸಿ ನೀರು ಸೀಳುವುದು ಗೊತ್ತೇ ಹೊರತು ಒಂದು ಕಾಯಿಯನ್ನು ಮುಂದಿಟ್ಟುಕೊಂಡು ಹೋದವಳಲ್ಲ. ಅವಳು ಒಂದು ಸಲ ಕೈ ಬೀಸಿದರೆ ಕಾಯಿ ಮಾರು ದೂರ ಜಿಗಿಯಿತು. ಅದನ್ನು ಹಿಡಿಯಲು ಜೋರಾಗಿ ಹೋದರೆ ಅದು ಇನ್ನೂ ಜೋರಾಗಿ ಪಕ್ಕಕ್ಕೆ ಉರುಳಿತು. ಗಳದ ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಕೊನೆಗೆ ತಾವರೆ ಎಲೆಗಳ ಕಡೆಗೆ. ದಂಡೆಯ ಮೇಲಿದ್ದವರೆಲ್ಲ ಒಂದೊಂದು ದಿಕ್ಕು ಕೂಗಿದರು. ಹುಡುಗಿಗೆ ನಗು ತಡೆಯಲಾಗದೆ ಬಾಯಿಗೆ ನೀರು ಹೋಯಿತು. ನಗುತ್ತಲೇ ಕಾಯಿಯನ್ನು ಅಟ್ಟಿಸಿಕೊಂಡು ಹೋದಳು.

ಚೈತನ್ಯಾ ಬರುತ್ತಿದ್ದಳು. ಕಪ್ಪೆಯ ಹಾಗೆ ಕಾಲು ಮಡಿಸಿ ಬಿಡಿಸಿ, ನಿಧಾನಕ್ಕೆ. ಕಾಯಿ ಅವಳ ಗದ್ದದ ಮುಂದೆ ಅಲ್ಲಾಡದೆ ಹೋಗುತ್ತಿತ್ತು. ಗಳ ಸುತ್ತಿದಳು. ಅಷ್ಟರಲ್ಲಿ ನವ್ಯಾಳೂ ಕಾಯಿಯನ್ನು ಹದಕ್ಕೆ ತಂದುಕೊಂಡು ಗಳ ದಾಟಿ ಹಿಂದಿನಿಂದ ನುಗ್ಗಿ ಬಂದಳು. ಚೈತನ್ಯಾ ಒಮ್ಮೆ ತಿರುಗಿ ನೋಡಿದಳು. ಗಾಬರಿಗೆ ಕೈ ಬಡಿದಳು. ಕಾಯಿ ಜಾರಿತು.

“ಗದ್ದಾ! ಚೈತೂ, ಗದ್ದ ಇಡು! ಹೊಡೀಬೇಡ, ನೂಕು! ಕರು ಹೊಡ್ಕೊಂಡು ಬಂದಂಗೆ ಬಾ ಮಗಾ!”

ಇಡೀ ಕೆಳಗಿನಕೇರಿ ತಿರುಗಿ ನೋಡಿತು. ಕೂಗಿದವನು ಶಿವರಾಮ. ಯಾವಾಗ ಮೆಟ್ಟಿಲಿಳಿದನೋ, ಮೊಣಕಾಲಿನವರೆಗೆ ನೀರಲ್ಲಿ ನಿಂತಿದ್ದ. ಪ್ಯಾಂಟು ಒದ್ದೆಯಾದದ್ದು ಅವನಿಗೆ ಗೊತ್ತಿರಲಿಲ್ಲ, ಯಾವ ಕೇರಿಗೆ ಕೂಗುತ್ತಿದ್ದೇನೆ ಎಂಬುದೂ ಗೊತ್ತಿರಲಿಲ್ಲ. ಮೂರು ಬೇಸಿಗೆ ಹೇಳಿಕೊಟ್ಟ ಮಾತೆಲ್ಲ ಒಟ್ಟಿಗೇ ಬಾಯಿಗೆ ಬಂದಿತ್ತು. ಚೈತನ್ಯಾ ಗದ್ದವಿಟ್ಟಳು. ಕಾಯಿ ಸುಮ್ಮನಾಯಿತು. ನವ್ಯಾಳ ಕೈ ಮೆಟ್ಟಿಲಿಗೆ ತಗಲುವ ಮೊದಲು ಚೈತನ್ಯಾಳ ಕಾಯಿ ಟಕ್ಕೆಂದು ಕಲ್ಲಿಗೆ ಬಡಿಯಿತು.

ಮೇಲಿನಕೇರಿಯವರ ಕೇಕೆಗೆ ಕೊಕ್ಕರೆಗಳೆಲ್ಲ ಎದ್ದವು. ಸೋತ ನವ್ಯಾ ಗೆದ್ದವಳ ಭುಜ ಹಿಡಿದುಕೊಂಡು ಇನ್ನೂ ನಗುತ್ತಿದ್ದಳು. “ಅದೆಂತಾ ಕಾಯಿನೇ ಮಾರಾಯ್ತಿ, ಎನ್ನ ಮಾತೇ ಕೇಳ್ತಿಲ್ಲೆ! ಎಂಗೂ ಹೇಳಿಕೊಡ್ತ್ಯಾ?”

ಶಿವರಾಮ ಟವೆಲ್ಲು ಬಿಡಿಸಿ ಮಗಳ ತಲೆಯ ಮೇಲೆ ಹಾಕಿ ಒರೆಸತೊಡಗಿದ. ಒರೆಸುತ್ತಲೇ ಇದ್ದ.

“ಬಿಡಪ್ಪಾ, ಕಿವಿ ಕಿತ್ತು ಬರುತ್ತೆ,” ಎಂದಳು ಅವಳು ಟವೆಲ್ಲಿನೊಳಗಿನಿಂದ. ಒಂದು ಕಣ್ಣು ಕಾಣುವಷ್ಟು ಟವೆಲ್ಲು ಸರಿಸಿ, “ಬೈತೀಯಾ?” ಎಂದಳು.

“ನಾನೇ ತಪ್ಪು ಮಾಡ್ದೆ ಮಗಾ,” ಎಂದ. ಟವೆಲ್ಲಿನ ಅಂಚಿನಿಂದ ಅವಳ ಮೂಗನ್ನೂ ಒರೆಸಿದ. “ಎಷ್ಟು ತೆಳ್ಳೇವು ತಿಂದೆ?”

“ಎರಡೇ. ಈಜಕ್ಕೆ ಮುಂಚೆ ಜಾಸ್ತಿ ಬೇಡ ಅಂದ್ರು ಟೀಚರ್.”

ಹೇರಂಬ ತಲೆಗೆ ಸುತ್ತಿದ ಟವೆಲ್ಲನ್ನು ಬಿಚ್ಚುತ್ತ ಬಂದ. ಅವನ ಹಿಂದೆ ಕೆಳಗಿನಕೇರಿಯ ಅರ್ಧ ಜನ ಇದ್ದರು. “ಶಿವರಾಮಣ್ಣ, ಒಂದು ಕೇಳ್ತೀನಿ. ನೀವು ಯಾವ ಕೇರಿಯವ್ರು?”

ಶಿವರಾಮ ಕೈಯಲ್ಲಿದ್ದ ಟವೆಲ್ಲನ್ನು ಹಿಂಡತೊಡಗಿದ. ಅಂಜನಪ್ಪ ಗಂಭೀರವಾಗಿ ಮುಂದೆ ಬಂದರು. “ನಿಯಮ ಉಂಟಲ್ಲ, ಜಗಳ ಎಂತಕ್ಕೆ? ಶಿವರಾಮ, ಬೆಳಿಗ್ಗೆ ತಿಂಡಿ ಎಲ್ಲಿ ತಿಂದೆ?”

ಆಗ ನೆನಪಾಯಿತು. “ತಿಂದಿಲ್ಲ.”

“ಹಂಗಾದ್ರೆ ಇವ್ನು ಯಾವ ಕೇರಿಯವ್ನೂ ಅಲ್ಲ,” ಎಂದು ಅಂಜನಪ್ಪ ತೀರ್ಪು ಕೊಟ್ಟರು. ಹೇರಂಬನೇ ಮೊದಲು ನಕ್ಕ. ಆಮೇಲೆ ಕೆರೆಯೇರಿಯ ಮೇಲೆ ನಗದವರು ಉಳಿಯಲಿಲ್ಲ.

“ಹಿಟ್ಟು ಇನ್ನೂ ಉಳಿದಿದೆ. ಎಲ್ಲ ಬನ್ನಿ, ಎರಡೂ ಕೇರಿಯವ್ರು ಬನ್ನಿ,” ಎಂದರು ಟೀಚರು. “ಪಂದ್ಯ ಮುಗೀತಲ್ಲ, ಇನ್ನು ಯಾರು ಎಲ್ಲಿ ತಿಂದ್ರೆ ಯಾರಿಗೇನು?”

ಟೀಚರ ಜಗುಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಳಗೆ ಮಾಸ್ತಮ್ಮನೂ ಯಾವಾಗಲೋ ಬಂದು ಕಾವಲಿಯ ಮುಂದೆ ಕೂತಿದ್ದಳು. ಅಂಗಳದಲ್ಲಿ ನವ್ಯಾ ಒಣಕಾಯಿಯೊಂದನ್ನು ಗದ್ದದಲ್ಲಿ ನೂಕಲು ಹೋಗಿ ನೆಲಕ್ಕೆ ಬಿದ್ದು ಮಕ್ಕಳನ್ನೆಲ್ಲ ನಗಿಸುತ್ತಿದ್ದಳು. ಶಿವರಾಮ ಮೂಲೆಯಲ್ಲಿ ಒದ್ದೆ ಪ್ಯಾಂಟಿನಲ್ಲೇ ಕೂತು ಜೋನಿಬೆಲ್ಲದಲ್ಲಿ ಅದ್ದಿ ತಿಂದ, ಮತ್ತೆ ಹಾಕಿಸಿಕೊಂಡ. ನಾಲ್ಕನೆಯದೋ ಐದನೆಯದೋ ಗಂಟಲಲ್ಲಿ ಸಿಕ್ಕಿ ಬಿಕ್ಕಳಿಕೆ ಬಂತು.

ಚೈತನ್ಯಾ ಎದ್ದು ಕೊಡದ ಹತ್ತಿರ ಹೋದಳು. ಲೋಟವನ್ನು ಅದ್ದಿ, ತುಂಬಿಸಿ, ಚೆಲ್ಲದಂತೆ ಎರಡೂ ಕೈಯಲ್ಲಿ ಹಿಡಿದು ತಂದು ಅಪ್ಪನ ಮುಂದೆ ಚಾಚಿದಳು. ಅವನ ಶಪಥ ಗೊತ್ತಿದ್ದವರೆಲ್ಲ ತಟ್ಟೆಯಿಂದ ತಲೆಯೆತ್ತಿದರು. ಟೀಚರು ಒಳಗಿನಿಂದ ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತರು.

ಶಿವರಾಮ ಲೋಟ ತೆಗೆದುಕೊಂಡು, ಕತ್ತೆತ್ತಿ, ಒಂದೇ ಉಸಿರಿಗೆ ಗಟಗಟನೆ ಕುಡಿದ. ನೀರು ತಣ್ಣಗಿತ್ತು. ಖಾಲಿ ಲೋಟವನ್ನು ಮತ್ತೆ ಮಗಳ ಕಡೆಗೆ ಹಿಡಿದ.