ಅತ್ತಿಗೊಂದು ಜಾಗ

ಕಂಪ್ಲಿಯ ಅಕ್ಕಿ ಗಿರಣಿಯ ಹಿಂದಿನ ಮನೆಯಲ್ಲಿ ಹಂಪಮ್ಮ ಐವತ್ತು ವರ್ಷ ಬಾಳಿದ್ದಳು. ಗಿರಣಿಯ ಸದ್ದು ಅವಳಿಗೆ ಜೋಗುಳವಿದ್ದಂತೆ. ಕರೆಂಟು ಹೋಗಿ ಮಶೀನು ನಿಂತರೆ ಮಧ್ಯಾಹ್ನದ ನಿದ್ದೆಯಿಂದ ಎಚ್ಚರಾಗಿಬಿಡುತ್ತಿದ್ದಳು. ಆದರೆ ಎಪ್ಪತ್ತನಾಲ್ಕನೇ ವಯಸ್ಸಿಗೆ ಗಿರಣಿಯ ಹೊಟ್ಟಿನ ಧೂಳೇ ಅವಳ ಎದೆಗೆ ಕೂತಿತು. ಹೋದ ಚಳಿಗಾಲದಲ್ಲಿ ಎರಡು ಸಲ ಉಸಿರು ಸಿಗದೆ ಆಸ್ಪತ್ರೆ ಸೇರಿದಳು. ಡಾಕ್ಟರು ಈಶ್ವರನನ್ನು ಹೊರಗೆ ಕರೆದು, “ಇನ್ನ ಇವರನ್ನ ಗಿರಣಿ ಹತ್ರ ಇಡಬ್ಯಾಡ್ರಿ” ಅಂದರು.

ಹಂಪಮ್ಮ ಈಶ್ವರನ ಸೋದರತ್ತೆ. ಅವನ ತಾಯಿ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಅವಳೇ ಅವನನ್ನು ಮಡಿಲಿಗೆ ಹಾಕಿಕೊಂಡು ಬೆಳೆಸಿದಳು. ಈಗ ಗಿರಣಿ ಬಿಟ್ಟು ಬರಲಾಗದ ಅವನು ಹೊಸಪೇಟೆಯಲ್ಲಿ ಅವಳಿಗೊಂದು ಮನೆ ಹಿಡಿದು, ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಇಡುತ್ತೇನೆಂದ. ಹಂಪಮ್ಮ ಒಪ್ಪಲಿಲ್ಲ.

“ನಾಕು ಗ್ವಾಡಿ ನೋಡ್ಕೊಂತ ಕುಂದ್ರಾಕ ನನ್ನ ಕೈಲಿ ಆಗಲ್ಲ. ವಯಸ್ಸಾದವರು ಕೂಡಿ ಇರೋ ಜಾಗ ಅದಾವಂತಲ್ಲ, ಅವನ್ನ ತೋರ್ಸು” ಅಂದಳು.

ಈಶ್ವರನ ಹೆಂಡತಿ ಕಾವ್ಯ ಫೋನು ಮಾಡಿ ಮಾಡಿ ಮೂರು ಜಾಗ ಗೊತ್ತು ಮಾಡಿದಳು. ಹೊಸಪೇಟೆಯದರಲ್ಲಿ ಮೆಟ್ಟಿಲು ಜಾಸ್ತಿ ಎಂದು ಈಶ್ವರ ಬೇಡವೆಂದ. ಕಡ್ಡಿರಾಂಪುರದ್ದು ಹಂಪಿ ರಸ್ತೆಗೇ ಅಂಟಿಕೊಂಡಿತ್ತು. ಗಾಡಿಗಳ ಹಾರ್ನಿಗೆ ಅತ್ತಿ ನಿದ್ದೆ ಮಾಡೋದು ಹೆಂಗ ಅಂದ. ಗಿರಣಿಯ ಪಕ್ಕದಲ್ಲೇ ಐವತ್ತು ವರ್ಷ ಮಲಗಿದವಳು ಅವನ ಮುಖ ನೋಡಿ ಕಾರು ಹತ್ತಿದಳು.

ಮೂರನೆಯದು ಬುಕ್ಕಸಾಗರದ ಹತ್ತಿರ, ಭತ್ತದ ಗದ್ದೆಗಳ ನಡುವೆ. ಒಂದೇ ಅಂತಸ್ತು, ಉದ್ದನೆಯ ಪಡಸಾಲೆ, ಹಿಂದೆ ಬಂಡೆಗುಡ್ಡ. ಅದನ್ನು ನೋಡಿಕೊಳ್ಳುವ ಮರಿಸ್ವಾಮಿ ಬಾಗಿಲಿಗೇ ಬಂದು, “ಬರ್ರಿ ಅಮ್ಮಾರ, ಮೊದ್ಲು ನೀರು ಕುಡೀರಿ” ಅಂದ.

ಈಶ್ವರ ಕೂರಲಿಲ್ಲ. ಬಚ್ಚಲಿಗೆ ಹೋಗಿ ಗೋಡೆಯ ಹಿಡಿಕೆಯನ್ನು ಜಗ್ಗಿ ನೋಡಿದ. ನಲ್ಲಿ ತಿರುಗಿಸಿದ. ರಾತ್ರಿ ಯಾರಿರುತ್ತಾರೆ, ಡಾಕ್ಟರು ಯಾವಾಗ ಬರುತ್ತಾರೆ, ಆಂಬುಲೆನ್ಸಿಗೆ ಎಷ್ಟು ಹೊತ್ತು ಎಂದೆಲ್ಲ ಕೇಳಿದ. ಮರಿಸ್ವಾಮಿ ಎಲ್ಲಕ್ಕೂ ನಿಧಾನವಾಗಿ ಉತ್ತರ ಕೊಟ್ಟ. ಕಡೆಗೆ ಈಶ್ವರ ಅಡುಗೆಮನೆಗೆ ಹೋಗಿ ನಾಲ್ಕು ಅಗುಳು ಬೆರಳಲ್ಲಿ ಹಿಸುಕಿ, “ಅನ್ನ ಭಾಳ ಮೆತ್ತಗಾಗೇತಿ” ಅಂದ.

ಪಡಸಾಲೆಯಿಂದ ಹಂಪಮ್ಮ ನಕ್ಕಳು. “ಇಲ್ಲಿ ಉಣ್ಣೋರಿಗೆ ಹಲ್ಲು ಎಲ್ಲಿ ಅದಾವಲೇ?”

ಅಷ್ಟರಲ್ಲಿ ಅವಳು ಸಂಡೂರಿನ ಯಲ್ಲಕ್ಕ ಎಂಬವಳ ಪಕ್ಕ ಕೂತಿದ್ದಳು, ಇಬ್ಬರೂ ಪುಂಡಿಪಲ್ಲೆಯ ಸೊಪ್ಪು ಬಿಡಿಸುತ್ತಿದ್ದರು. ಯಲ್ಲಕ್ಕ ಶಾಲೆಯಲ್ಲಿ ಅಡುಗೆ ಮಾಡಿದವಳಂತೆ. ಇಲ್ಲಿನ ಸಾರಿಗೆ ಉಪ್ಪು ಸಾಲದೆಂದು ದೂರುತ್ತಿದ್ದಳು.

“ನಡಿ ಅತ್ತಿ, ಇದೂ ಬ್ಯಾಡ. ಬಚ್ಚಲ ನೆಲ ಜಾರ್ತೈತಿ,” ಅಂದ ಈಶ್ವರ.

“ನೀನು ಜಾಗ ನೋಡಾಕ ಬಂದೀಯೋ, ತಪ್ಪು ಹುಡುಕಾಕ ಬಂದೀಯೋ?”

ಅವನು ಅವಳ ಪಕ್ಕ ಕೂತುಬಿಟ್ಟ. ಅವಳು ಸೊಪ್ಪು ಬದಿಗಿಟ್ಟಳು.

“ನಿನ್ನ ಹಾಸ್ಟೆಲಿಗೆ ಹಾಕಿದ್ದು ನೆನಪೈತೇನು?”

ಅವನಿಗೆ ಮರೆಯುವುದೆಂತು? ಐದನೇ ಕ್ಲಾಸು. ಹೊಸಪೇಟೆಗೆ ಬಸ್ಸಿನಲ್ಲಿ ಕರೆತಂದವಳು ಅವಳೇ. ಮೊದಲ ಹಾಸ್ಟೆಲಿನ ಬಚ್ಚಲಿಗೆ ಚಿಲಕವಿಲ್ಲವೆಂದು ಅವನ ಕೈ ಹಿಡಿದು ಹೊರಗೆ ಎಳೆದುಕೊಂಡು ಬಂದಿದ್ದಳು. ಎರಡನೆಯದರಲ್ಲಿ ನೀರಿನ ತೊಟ್ಟಿಗೆ ಮೊಣಕೈತನಕ ಕೈ ಹಾಕಿ ಪಾಚಿ ಹುಡುಕಿದ್ದಳು, ರೊಟ್ಟಿ ಮುರಿದು ಬಾಯಿಗಿಟ್ಟಿದ್ದಳು, “ನಮ್ಮ ಹುಡುಗ ಬದನಿಕಾಯಿ ಉಣ್ಣಲ್ಲರೀ” ಎಂದು ಅಡುಗೆಯವನ ಎದುರೇ ಹೇಳಿ ಈಶ್ವರನ ಮಾನ ಕಳೆದಿದ್ದಳು. ಆಮೇಲೆ ಅವನನ್ನು ಅಲ್ಲೇ ಸೇರಿಸಿ ಗೇಟಿನಿಂದ ಹೊರಟವಳು ಒಮ್ಮೆಯೂ ಹಿಂದಿರುಗಿ ನೋಡಿರಲಿಲ್ಲ. ಅದೊಂದು ಮಾತ್ರ ಅವನ ಮನಸ್ಸಿನಲ್ಲಿ ಮುಳ್ಳಾಗಿ ಉಳಿದಿತ್ತು.

“ತಿರುಗಿ ನೋಡ್ಲೇ ಇಲ್ಲ ನೀನು,” ಅಂದ.

“ನೋಡಿದ್ರ ನಿನ್ನ ಎತ್ಕೊಂಡು ಬರ್ತಿದ್ನಿ. ಬಸ್ ಸ್ಟ್ಯಾಂಡಿನ್ಯಾಗ ಅಳ್ಕೊಂತ ಕುಂತು ಎರಡು ಬಸ್ಸು ಬಿಟ್ಟೆ. ಕಂಡಕ್ಟರ್ ಒಬ್ಬ ಚಹಾ ತಂದುಕೊಟ್ಟ, ಪುಣ್ಯಾತ್ಮ. ಆದ್ರ ನೀನು ಅಲ್ಲಿ ಕೆಟ್ಟಿಯೇನು? ದಸರಾ ರಜಾಕ ಮನಿಗೆ ಬಂದಾಗ ಬರೀ ಗೆಳ್ಯಾರ ಸುದ್ದೀನ ಹೇಳ್ತಿದ್ದಿ.”

ಮೂವತ್ತೆಂಟು ವರ್ಷಗಳಿಂದ ಅವಳು ಗಟ್ಟಿಗಿತ್ತಿ, ಅಳುವವಳಲ್ಲ ಎಂದೇ ಈಶ್ವರ ನಂಬಿದ್ದ. ಯಲ್ಲಕ್ಕ ಅವರಿಬ್ಬರನ್ನೂ ನೋಡಿ, ಸೊಪ್ಪಿನ ಮೊರ ಎತ್ತಿಕೊಂಡು ಮೆಲ್ಲಗೆ ಒಳಗೆ ಹೋದಳು.

“ಮನಿಯಾಗ ನೀನಿಲ್ದಿದ್ರ ನನಗ…” ಅಂದ.

“ಗೊತ್ತೈತಿ. ಒಂದು ತಿಂಗಳು ಇದ್ದು ನೋಡ್ತೀನಿ. ಸೇರ್ಲಿಲ್ಲಂದ್ರ ಬೇರೆ ಕಡೆ ಹುಡುಕಾಣು.”

ಮುಂದಿನ ಗುರುವಾರ ಈಶ್ವರ, ಕಾವ್ಯ ಇಬ್ಬರೂ ಅವಳ ಟ್ರಂಕು, ಕೌದಿ, ದೇವರ ಫೋಟೋ ಎಲ್ಲ ತಂದು ಕಿಟಕಿಯ ಕೋಣೆಯಲ್ಲಿ ಜೋಡಿಸಿದರು. ಮರಿಸ್ವಾಮಿ ಬಚ್ಚಲಿಗೆ ಒರಟು ಚಾಪೆ ಹಾಸಿಸಿದ್ದ.

ಭಾನುವಾರ ಈಶ್ವರ ಹೇಳದೆ ಕೇಳದೆ ಒಬ್ಬನೇ ಬಂದ. ಕೋಣೆ ಖಾಲಿ. ಏಳು ಜನ ಹಂಪಿಗೆ ವಿರೂಪಾಕ್ಷನ ದರ್ಶನಕ್ಕೆ ವ್ಯಾನಿನಲ್ಲಿ ಹೋಗಿದ್ದಾರೆಂದ ಮರಿಸ್ವಾಮಿ. ಫೋನು ಮಾಡಿದರೆ ಹಿಂದೆ ಯಲ್ಲಕ್ಕನ ನಗು, ಗಂಟೆಯ ಸದ್ದು.

“ಇವತ್ತು ಬಂದ್ಯಾ? ಇರು, ಊಟಕ್ಕ ಬರ್ತೀವಿ,” ಎಂದು ಇಟ್ಟುಬಿಟ್ಟಳು. ಮಾತಿನ ನಡುವೆ ಒಮ್ಮೆಯೂ ಏದುಸಿರು ಬಿಟ್ಟಿರಲಿಲ್ಲ.

ಅವನಿಗೆ ಮೊದಲು ಪಿಚ್ಚೆನಿಸಿತು. ಸ್ವಲ್ಪ ಹೊತ್ತು ಪಡಸಾಲೆಯಲ್ಲಿ ಅಡ್ಡಾಡಿದ. ಆಮೇಲೆ ಕೋಣೆಗೆ ಬಂದು ಅವಳ ಮಂಚದ ಮೇಲೆ ಕಾಲು ಚಾಚಿದ. ಕೌದಿಗೆ ವಿಭೂತಿಯ, ಕೊಬ್ಬರಿ ಎಣ್ಣೆಯ ವಾಸನೆ. ಗದ್ದೆಯ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು. ಯಾವಾಗ ಕಣ್ಣು ಮುಚ್ಚಿದನೋ ತಿಳಿಯದು. ಯಾರೋ ಹೆಗಲು ಅಲುಗಿಸಿದಾಗ ಹೊತ್ತು ಮಧ್ಯಾಹ್ನ ದಾಟಿತ್ತು.

“ಏಳು,” ಅಂದಳು ಹಂಪಮ್ಮ, “ಎಲ್ಲಾರೂ ನಿನಗ ಕಾಯಾಕತ್ಯಾರ.”